ಆಡೋದು ಸರಿ, ಕೆಲಸ ಏನು ಮಾಡ್ತಾರೆ?

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಅಂತ ಯಾರ ಹೆಸರು ಎತ್ತಿದರೂ ಬರುವ ಪ್ರಶ್ನೆ ಇದೊಂದೇ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕೋರ್ಟಿನ ಬೇಲಿಯಾಚೆ ಮಗಳಿಗೆ ಕಾಯುತ್ತಾ ನಿಂತ ಅಪ್ಪಂದಿರು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಚಿಕ್ಕ ಉತ್ತರ: ಆಡುವುದೇ ಕೆಲಸ. ಐಪಿಎಲ್ ಆಡುವ ಹುಡುಗನ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ.

ಉದ್ದ ಉತ್ತರವೇ ಬೇಕೆಂದರೆ ಅಮೆರಿಕದ ಬ್ರಿಯಾನಾ ಸ್ಟೀವರ್ಟ್ ಅವರ 2016ನೇ ವರ್ಷವನ್ನು ತೆಗೆದುಕೊಳ್ಳಿ. ಏಪ್ರಿಲ್ 5ರಂದು ಕಾಲೇಜು ಫೈನಲ್; ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಅವರು ಸತತ ನಾಲ್ಕನೇ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟರು. ಏಪ್ರಿಲ್ 14ಕ್ಕೆ ಡ್ರಾಫ್ಟ್, ಅಂದರೆ ಅಮೆರಿಕದ ಮಹಿಳಾ ವೃತ್ತಿಪರ ಲೀಗಾದ ಡಬ್ಲ್ಯುಎನ್‌ಬಿಎ ತಂಡಗಳು ಸರದಿ ಪ್ರಕಾರ ಹೊಸಬರನ್ನು ಆರಿಸಿಕೊಳ್ಳುವ ದಿನ. ಮೊದಲು ಕೂಗಿದ್ದೇ ಇವರ ಹೆಸರು, ಸಿಯಾಟಲ್ ಸ್ಟಾರ್ಮ್ ತಂಡಕ್ಕೆ. ಮೇ ತಿಂಗಳಲ್ಲಿ ಲೀಗ್ ಶುರು. ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸ್, ಚಿನ್ನ. ಸೆಪ್ಟೆಂಬರಿನಲ್ಲಿ ಮತ್ತೆ ಲೀಗ್, ಪ್ಲೇಆಫ್. ಅದು ಮುಗಿದ ಮೇಲೆ ಚಳಿಗಾಲಕ್ಕೆ ಚೀನಾ, ಶಾಂಘೈ ತಂಡ. ಇದರ ಮಧ್ಯೆ ಆಫೀಸಿಗೆ ಹೋಗುವುದು ಯಾವಾಗ, ನೀವೇ ಹೇಳಿ.

ಚೀನಾಕ್ಕೆ ಯಾಕೆ ಹೋಗಬೇಕು? ದುಡ್ಡಿಗೆ. ಇದನ್ನು ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ, ಮಗನನ್ನು ದುಬೈಗೆ ಕಳಿಸಿದವರೂ ಸೇರಿ. 2019ರಲ್ಲಿ ಡಬ್ಲ್ಯುಎನ್‌ಬಿಎಯ ಗರಿಷ್ಠ ಸಂಬಳ 1,17,500 ಡಾಲರ್. ತಂಡದ ಮಾಲೀಕರಿಗೆ ಮನಸ್ಸಿದ್ದರೂ ಅದಕ್ಕಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ರಷ್ಯಾ, ಟರ್ಕಿ, ಚೀನಾದ ದೊಡ್ಡ ಕ್ಲಬ್‌ಗಳು ತಾರೆಯರಿಗೆ ಒಂದು ಚಳಿಗಾಲಕ್ಕೇ ಅದರ ಹಲವು ಪಟ್ಟು ಕೊಡುತ್ತಿದ್ದವು. ಅಮೆರಿಕದ ತಾರೆ ಡಯಾನಾ ಟೌರಾಸಿ 2015ರ ಡಬ್ಲ್ಯುಎನ್‌ಬಿಎ ಸೀಸನ್ ಪೂರ್ತಿ ಆಡಲೇ ಇಲ್ಲ. ರಷ್ಯಾದ ಯೆಕಟೆರಿನ್‌ಬರ್ಗಿನ ಯುಎಂಎಂಸಿ ಕ್ಲಬ್, ಬೇಸಿಗೆಯಲ್ಲಿ ಸುಮ್ಮನೆ ಮನೆಯಲ್ಲಿರಿ ಅಂತಲೇ ಅವರಿಗೆ ಹಣ ಕೊಟ್ಟಿತು. ಆಟಗಾರ್ತಿಯ ವಿಶ್ರಾಂತಿಗೂ ಒಂದು ಬೆಲೆ ಇದೆ ಎಂದು ಲೆಕ್ಕ ಹಾಕಿದವರು ಆ ಕ್ಲಬ್ಬಿನವರು.

ಲೀಗ್ ಮತ್ತು ಆಟಗಾರ್ತಿಯರ ಸಂಘದ 2020ರ ಒಪ್ಪಂದದಲ್ಲಿ ಗರಿಷ್ಠ ಸಂಬಳ 2,15,000 ಡಾಲರಿಗೆ ಏರಿತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೋಟೆಲ್ ಕೋಣೆ, ಹೆರಿಗೆ ರಜೆಗೆ ಪೂರ್ತಿ ಸಂಬಳ ಬಂದವು. ಜೊತೆಗೆ ಒಂದು ಕೊಕ್ಕೆಯೂ ಬಂತು. ಯುರೋಪಿನ ಲೀಗುಗಳು ಏಪ್ರಿಲ್, ಮೇವರೆಗೆ ಎಳೆಯುತ್ತವೆ, ಡಬ್ಲ್ಯುಎನ್‌ಬಿಎ ತರಬೇತಿ ಕ್ಯಾಂಪ್ ಏಪ್ರಿಲ್ ಕೊನೆಗೇ ಶುರುವಾಗುತ್ತದೆ. ಆ ಒಪ್ಪಂದದ ಪ್ರಕಾರ ಅನುಭವಿ ಆಟಗಾರ್ತಿ ಕ್ಯಾಂಪಿಗೆ ತಡವಾಗಿ ಬಂದರೆ 2023ರಿಂದ ದಂಡ, 2024ರಿಂದ ಆ ಸೀಸನ್ನೇ ಖೋತಾ. 2025ರಲ್ಲಿ ಕನಿಷ್ಠ ಸಂಬಳ 66,079 ಡಾಲರ್, ಗರಿಷ್ಠ 2,49,244. ಕನಿಷ್ಠದ ಅಂಕಿ ನೋಡಿಯೇ 'ಅಬ್ಬಾ' ಅನ್ನುವ ಮೊದಲು ಜಾಗ ಎಷ್ಟಿವೆ ಎಣಿಸಿ: ಆ ವರ್ಷ 13 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜನ, ಒಟ್ಟು 156. ಡ್ರಾಫ್ಟಿನಲ್ಲಿ ಹೆಸರು ಬಂದಿದ್ದು ಕೆಲಸ ಸಿಕ್ಕಂತಲ್ಲ. ಮೂರನೇ ಸುತ್ತಿನಲ್ಲಿ ಆಯ್ಕೆಯಾದವರು ಹೆಚ್ಚಿನವರು ಕ್ಯಾಂಪಿನಿಂದಲೇ ಮನೆಗೆ ಹೋಗುತ್ತಾರೆ.

ಇನ್ನು ನಮ್ಮ ಕಡೆ. ಒಪ್ಪಲೇಬೇಕು, ಇಲ್ಲಿ ನಿಮ್ಮ ಪ್ರಶ್ನೆ ತಪ್ಪಲ್ಲ. ಭಾರತದಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ನಿಂತಿರುವುದೇ ನೌಕರಿಯ ಮೇಲೆ, ಅದರಲ್ಲೂ ರೈಲ್ವೆ ಮೇಲೆ. ದೇಶಕ್ಕೆ 18 ವರ್ಷ ಆಡಿ 2021ರಲ್ಲಿ ಪದ್ಮಶ್ರೀ ಪಡೆದ ಚೆನ್ನೈನ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. ಕೇರಳದ ಗೀತು ಅನ್ನಾ ಜೋಸ್ ಕೂಡ ಅಲ್ಲಿಯವರೇ. ವಾಲಿಬಾಲ್ ಬಿಟ್ಟು ಬಂದ 6 ಅಡಿ 2 ಅಂಗುಲದ ಗೀತು ಮೆಲ್ಬರ್ನಿನ ರಿಂಗ್‌ವುಡ್ ಹಾಕ್ಸ್‌ಗೆ ಆಡಿದರು, 2011ರಲ್ಲಿ ಡಬ್ಲ್ಯುಎನ್‌ಬಿಎ ಟ್ರಯಲ್ಸ್‌ಗೂ ಹೋಗಿ ಬಂದರು. (ಬ್ಯಾಸ್ಕೆಟ್‌ಬಾಲ್ ಆಡಿದರೆ ಎತ್ತರ ಆಗ್ತಾರಂತೆ ಹೌದಾ ಎಂದು ಕೇಳುವವರಿಗೆ: ಇಲ್ಲ. ಎತ್ತರ ಇದ್ದವರನ್ನು ಈ ಆಟ ಹುಡುಕಿಕೊಂಡು ಹೋಗುತ್ತದೆ, ಅಷ್ಟೇ.)

ರೈಲ್ವೆ ಸ್ಪೋರ್ಟ್ಸ್ ಕೋಟಾ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ, 'ವಶೀಲಿ ಬೇಕಾ' ಅಂತ ಕೇಳುತ್ತಾರೆ. ಬಹಿರಂಗ ನೇಮಕಾತಿಯಲ್ಲಿ ವಯಸ್ಸು 18ರಿಂದ 25. ಲಿಖಿತ ಪರೀಕ್ಷೆ ಇಲ್ಲ. 100 ಅಂಕದಲ್ಲಿ 50 ಕ್ರೀಡಾ ಸಾಧನೆಗೆ, 40 ಟ್ರಯಲ್ಸಿಗೆ, 10 ವಿದ್ಯಾಭ್ಯಾಸಕ್ಕೆ. ಟ್ರಯಲ್ಸಿನ 40ರಲ್ಲಿ 25 ಬರದಿದ್ದರೆ ಫೈಲು ಅಲ್ಲಿಗೇ ಮುಚ್ಚುತ್ತದೆ, ಮನೆ ಗೋಡೆ ತುಂಬ ಪದಕ ಇದ್ದರೂ. ಹುದ್ದೆ ಸಾಮಾನ್ಯವಾಗಿ ವೇತನ ಶ್ರೇಣಿಯ ಲೆವೆಲ್ 2 ಅಥವಾ 3. ಲೆವೆಲ್ 2ರ ಮೂಲ ವೇತನ 19,900 ರೂಪಾಯಿ, ಭತ್ಯೆಗಳು ಬೇರೆ. ಲೆವೆಲ್ 4, 5 ಬೇಕಿದ್ದರೆ ಅಂತರರಾಷ್ಟ್ರೀಯ ಸಾಧನೆ ಇರಬೇಕು.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಸಾಧನೆ ಎಂದರೆ ಅಧಿಸೂಚನೆ ಹೊರಟ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳದ್ದು ಮಾತ್ರ. ಹೈಸ್ಕೂಲಿನಲ್ಲಿ ಜೂನಿಯರ್ ನ್ಯಾಷನಲ್ಸ್ ಆಡಿದ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡು ಡಿಗ್ರಿ ಮುಗಿದ ಮೇಲೆ ಹೋದರೆ ಅದಕ್ಕೆ ಸೊನ್ನೆ. ಮಾನ್ಯತೆ ಪಡೆದ ಫೆಡರೇಷನ್ನಿನ ಟೂರ್ನಿ ಅಲ್ಲದಿದ್ದರೂ ಸೊನ್ನೆ. ಜೊತೆಗೆ ಆಟಗಾರ್ತಿ ಈಗಲೂ ಆಡುತ್ತಿರಬೇಕು.

ಕೆಲಸ ಸಿಕ್ಕ ಮೇಲೆ? ಸಂಬಳ ತಿಂಗಳು ತಿಂಗಳು ಬರುತ್ತದೆ, ಆದರೆ ಪಂದ್ಯ ಎಲ್ಲಿವೆ? ವರ್ಷಕ್ಕೊಂದು ಸೀನಿಯರ್ ನ್ಯಾಷನಲ್ಸ್, ರೈಲ್ವೆಯ ಒಳಗಿನ ಟೂರ್ನಿ, ಫೆಡರೇಷನ್ ಕಪ್ ನಡೆದರೆ ಅದು, ಅಲ್ಲೊಂದು ಇಲ್ಲೊಂದು ಆಹ್ವಾನಿತ ಟೂರ್ನಿ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ನಮ್ಮವರು ಏಷ್ಯಾ ಕಪ್ 'ಬಿ' ವಿಭಾಗ ಗೆದ್ದರು. 2019ರಲ್ಲಿ ಅದೇ ಊರಿನಲ್ಲಿ ಜಪಾನ್, ಚೀನಾ ಇದ್ದ 'ಎ' ವಿಭಾಗದಲ್ಲಿ ಒಂದೂ ಪಂದ್ಯ ಗೆಲ್ಲಲಾಗಲಿಲ್ಲ. ಎದುರಾಳಿಗಳು ವಾರಕ್ಕೆರಡು ಪಂದ್ಯ ಆಡಿ ಪಳಗಿದವರು. ನಮ್ಮವರು ಕ್ಯಾಂಪಿನಲ್ಲಿ ತಮ್ಮತಮ್ಮಲ್ಲೇ ಆಡಿಕೊಂಡು ಬಂದವರು. ಪ್ರತಿಭೆಗಿಂತ ಪಂದ್ಯಗಳ ಲೆಕ್ಕವೇ ನಮ್ಮನ್ನು ಸೋಲಿಸುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂದರೆ ಅಲ್ಲಿ ಬಿಡುವಿಲ್ಲದ ಆಟ, ಇಲ್ಲಿ ಆಟವಿಲ್ಲದ ಬಿಡುವು. ಹಾಗಾಗಿ ಸಂಬಳ ಕೇಳುವವರು ಒಮ್ಮೆಯಾದರೂ 'ಅವರು ಸುಧಾರಿಸಿಕೊಳ್ಳೋದು ಯಾವಾಗ?' ಎಂದು ಕೇಳಬಾರದೇ ಅನಿಸುತ್ತದೆ. ಸ್ಟೀವರ್ಟ್ ಅವರನ್ನೇ ನೋಡಿ. 2018ರ ಸೆಪ್ಟೆಂಬರ್ 12ರಂದು ಸಿಯಾಟಲ್ ಚಾಂಪಿಯನ್. ಹತ್ತೇ ದಿನಕ್ಕೆ ಸ್ಪೇನಿನ ಟೆನೆರಿಫೆಯಲ್ಲಿ ವಿಶ್ವಕಪ್; ಅಲ್ಲಿ ಚಿನ್ನ, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ. ನಂತರ ರಷ್ಯಾದ ಡೈನಮೊ ಕುರ್ಸ್ಕ್. 2019ರ ಏಪ್ರಿಲ್ 14ರಂದು ಹಂಗೇರಿಯ ಸೋಪ್ರೊನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಯುರೋಲೀಗ್ ಫೈನಲ್. ಶಾಟ್ ಹೊಡೆದು ಕೆಳಗಿಳಿಯುವಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಆ ವರ್ಷದ ಡಬ್ಲ್ಯುಎನ್‌ಬಿಎ ಸೀಸನ್ ಪೂರ್ತಿ ಹೋಯಿತು. ಮುಂದೆ ಇನ್ನೊಬ್ಬ ಆಟಗಾರ್ತಿ ನಪೀಸಾ ಕಾಲಿಯರ್ ಜೊತೆ ಸೇರಿ ಅವರು ಕಟ್ಟಿದ 'ಅನ್‌ರೈವಲ್ಡ್' ಎಂಬ ಮೂವರು-ಮೂವರ ಲೀಗ್ 2025ರ ಜನವರಿಯಲ್ಲಿ ಮಯಾಮಿಯಲ್ಲಿ ಶುರುವಾಯಿತು. ಚಳಿಗಾಲದಲ್ಲಿ ವಿದೇಶಕ್ಕೆ ಹೋಗದೆ, ಸಣ್ಣ ಅಂಗಳದಲ್ಲಿ, ಕೆಲವೇ ವಾರ ಆಡಿ ದುಡ್ಡು ನೋಡಬಹುದು. ಹೊರಗಿನವರಿಗೆ ಅದು ವ್ಯಾಪಾರದಂತೆ ಕಂಡರೂ ನನಗೆ ಅದು ರಜೆಯ ಅರ್ಜಿ.

ಬೇಲಿಯಾಚೆ ನಿಂತ ಅಪ್ಪಂದಿರೇ, ಇನ್ನು ಮಂಡಿ ವಿಷಯ. ಎಸಿಎಲ್ ಅನ್ನುವ ಮಂಡಿಯೊಳಗಿನ ಲಿಗಮೆಂಟ್ ಹರಿಯುವ ಅಪಾಯ ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಹೆಚ್ಚು. ಬಹಳ ಸಲ ಯಾರೂ ತಾಗಿರುವುದೂ ಇಲ್ಲ. ರಿಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗಲೋ ಓಡುತ್ತ ಗಕ್ಕನೆ ನಿಲ್ಲುವಾಗಲೋ ಮಂಡಿ ಬಗ್ಗದೆ ಒಳಕ್ಕೆ ವಾಲುತ್ತದೆ, ಅಷ್ಟಕ್ಕೇ ಹರಿಯುತ್ತದೆ. ಒಂದು ಅಡಿ ಎತ್ತರದ ಗಟ್ಟಿ ಪೆಟ್ಟಿಗೆ ಮೇಲಿಂದ ಮಗಳನ್ನು ಇಳಿದು ತಕ್ಷಣ ಮೇಲಕ್ಕೆ ಹಾರಲು ಹೇಳಿ, ಎದುರಿಂದ ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ. ಮಂಡಿಗಳು ಒಂದನ್ನೊಂದು ಮುಟ್ಟಲು ಹೋಗುತ್ತಿದ್ದರೆ ತಿದ್ದಬೇಕು: ವಾರಕ್ಕೆ ಎರಡು ಮೂರು ಸಲ, ಸಲಕ್ಕೆ 15-20 ನಿಮಿಷ, ಸ್ಕ್ವಾಟ್, ಒಂಟಿ ಕಾಲಿನ ವ್ಯಾಯಾಮ, ತೊಡೆಯ ಹಿಂಭಾಗಕ್ಕೆ ಬಲ, ಸದ್ದಾಗದಂತೆ ಮೆತ್ತಗೆ ಇಳಿಯುವ ಅಭ್ಯಾಸ. ಇದಕ್ಕೆಲ್ಲ ಟೈಮಿಲ್ಲ ಅನ್ನುವ ಕೋಚ್ ಸಿಕ್ಕರೆ ಕೋಚನ್ನು ಬದಲಿಸಿ.

ಹರಿದು ಆಪರೇಷನ್ ಆಗಿದ್ದರೆ ಒಂಬತ್ತು ತಿಂಗಳು ಪಂದ್ಯವಿಲ್ಲ. ಆಮೇಲೂ ಆ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಬಂದಿದೆಯೇ ಎಂದು ಫಿಸಿಯೊ ಅಳೆದು ನೋಡಬೇಕು. ಆ ಮಧ್ಯೆ ಸ್ಟೇಟ್ ಸೆಲೆಕ್ಷನ್ ಬಂದೇ ಬರುತ್ತದೆ, ಕಳಿಸಬೇಡಿ. ಸರ್ಟಿಫಿಕೇಟಿನ ಮೂರು ವರ್ಷದ ಲೆಕ್ಕದಲ್ಲಿ ಒಂದು ವರ್ಷ ಹೋಗುತ್ತದೆ, ನಿಜ. ಆದರೆ ಕೋಟಾದ ವಯಸ್ಸು 25ರವರೆಗೆ ಇದೆ, ಟ್ರಯಲ್ಸಿನ 25 ಅಂಕ ಗಳಿಸಬೇಕಾದ್ದು ಆ ಮಂಡಿಯಿಂದಲೇ.