ಹಾಡು ಕೇಳಲು ಅಷ್ಟು ದೂರ

ಸಂಗೀತೋತ್ಸವಕ್ಕೆ ಅಂತ ದೇಶ ದೇಶ ಸುತ್ತೋದು ಯಾಕೆ, ಮನೆಯಲ್ಲೇ ಕೂತು ಕೇಳಬಹುದಲ್ವಾ ಅಂತ ಇವತ್ತೂ ಒಬ್ಬರು ಕೇಳಿದರು. ಕೇಳಬಹುದು. ಆದರೆ ಜಪಾನಿನ ಫುಜಿ ರಾಕ್‌ನಲ್ಲಿ, ನಾಯೆಬಾ ಬೆಟ್ಟದ ಬುಡದಲ್ಲಿ ಮಳೆ ಸುರಿಯುತ್ತಿರುವಾಗ ರೈನ್‌ಕೋಟ್ ಹಾಕಿಕೊಂಡ ಸಾವಿರಾರು ಜನ ಕದಲದೆ ನಿಂತು ಹಾಡು ಕೇಳುವುದು, ಆಮೇಲೆ ತಮ್ಮ ಕಸವನ್ನು ತಾವೇ ಬೇರೆ ಬೇರೆ ಮಾಡಿ ಹಾಕುವುದು, ಇದು ಇಯರ್‌ಫೋನ್‌ನಲ್ಲಿ ಸಿಗುವುದಿಲ್ಲ. 1997ರಲ್ಲಿ ಆ ಉತ್ಸವದ ಮೊದಲ ವರ್ಷವೇ ಚಂಡಮಾರುತ ಬಂದು ಎರಡನೇ ದಿನ ರದ್ದಾಗಿತ್ತು. ಆದರೂ ಬಿಡಲಿಲ್ಲ ನೋಡಿ.

ನನಗೆ ಇನ್ನೂ ಜಾಸ್ತಿ ಇಷ್ಟ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ. ಅದು ನಿಜವಾಗಿ ಹಸು ಸಾಕುವ ಜಾಗ. 1970ರಲ್ಲಿ ಶುರುವಾದಾಗ ಟಿಕೆಟ್ 1 ಪೌಂಡ್, ಜೊತೆಗೆ ಅಲ್ಲಿನದೇ ಹಾಲು ಪುಕ್ಕಟೆ! ಕೆಲವು ವರ್ಷಕ್ಕೊಮ್ಮೆ ಉತ್ಸವ ನಿಲ್ಲಿಸಿ ನೆಲಕ್ಕೆ ರಜೆ ಕೊಡುತ್ತಾರೆ, 2018ರಲ್ಲಿ ಹಾಗೇ ಮಾಡಿದ್ದರು. ಹುಲ್ಲು ಮತ್ತೆ ಬೆಳೆಯಲಿ ಅಂತ ಅಷ್ಟೊಂದು ಜನ ಸುಮ್ನೆ ಒಂದು ವರ್ಷ ಕಾಯುತ್ತಾರಲ್ಲ, ಅದನ್ನು ನೆನೆದರೆ ಮನಸ್ಸು ತುಂಬುತ್ತದೆ.

ಮುಂದೆ ಡೆನ್ಮಾರ್ಕಿನ ರಾಸ್ಕಿಲ್ಡೆಗೆ ಹೋಗುವ ಆಸೆ. ಅಲ್ಲಿ ಕೆಲಸವೆಲ್ಲ ಬಹುಪಾಲು ಸ್ವಯಂಸೇವಕರದ್ದೇ, ಉಳಿದ ಹಣ ಒಳ್ಳೆ ಕೆಲಸಕ್ಕೆ ಹೋಗುತ್ತದೆ. ಈ ಸಲ ಬರೀ ಕೇಳೋದಲ್ಲ, ನಾನೂ ಸ್ವಯಂಸೇವಕರ ಜೊತೆ ಸೇರಬೇಕು.