ಡಬ್ಬ ಲೆಕ್ಕದ ಕುತ್ತಿಗೆ ನೋವು

ಶಿವಮೊಗ್ಗದಲ್ಲಿ ಫಿಸಿಯೊಥೆರಪಿ ಮಾಡುವ ನನಗೆ ಅಡಿಕೆ ಸುಗ್ಗಿ ಬಂದದ್ದು ರೋಗಿಗಳಿಂದಲೇ ಗೊತ್ತಾಗುತ್ತದೆ. ಕುತ್ತಿಗೆ, ಹೆಗಲು ಹಿಡಿದುಕೊಂಡು ಅಡಿಕೆ ಸುಲಿಯುವ ಹೆಂಗಸರು ಬರತೊಡಗುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತು. ತೀರ್ಥಹಳ್ಳಿ ಕಡೆಯ ಅಕ್ಕ ಒಬ್ಬರು ಬಂದಿದ್ದರು. ಕುತ್ತಿಗೆಯಿಂದ ಎಡ ಹೆಗಲಿನವರೆಗೆ ಒತ್ತಿ ನೋಡಿದರೆ ಗಂಟು ಗಂಟು. ಕೈಗೆ ಜೋಮು ಇರಲಿಲ್ಲ, ಹಿಡಿತವೂ ಗಟ್ಟಿಯಾಗಿತ್ತು. ಇವೆರಡರಲ್ಲಿ ತೊಂದರೆ ಇದ್ದರೆ ನರದ ಅನುಮಾನ, ಮೊದಲು ಡಾಕ್ಟರ ಹತ್ತಿರ ಕಳಿಸಬೇಕು. ಇವರದು ಬರೀ ಸ್ನಾಯು ನೋವು. 15 ನಿಮಿಷ ಶಾಖ ಕೊಟ್ಟೆ, ಕೈಯಿಂದ ಗಂಟು ಸಡಿಲಿಸಿದೆ. ಹೋಗುವಾಗ ಒಂದು ಹಾಳೆ ಕೈಗಿಟ್ಟೆ. ಕುರ್ಚಿಗೆ ಬೆನ್ನು ಆನಿಸಿ ಕೂರಿ, ಕಂಪ್ಯೂಟರ್ ಕಣ್ಣಿನ ಮಟ್ಟಕ್ಕೆ ಇರಲಿ ಅಂತೆಲ್ಲ ಅದರಲ್ಲಿತ್ತು. ಅವರ ಮನೆಯಲ್ಲಿ ಕಂಪ್ಯೂಟರ್ ಇದೆಯಾ ಅಂತಲೂ ಕೇಳಲಿಲ್ಲ ನೋಡಿ!

ಮೂರನೇ ಸಲ ಬಂದಾಗ ಅವರೇ ಅಂದರು, "ಇಲ್ಲಿಂದ ಹೋಗುವಾಗ ಹಗುರ ಇರ್ತದೆ ಡಾಕ್ಟ್ರೇ. ಎರಡು ದಿನಕ್ಕೆ ಮತ್ತೆ ಅದೇ."

ಆಗ ಬುದ್ಧಿ ಬಂತು. ಅಡಿಕೆ ಸುಲಿಯುವಾಗ ಮಗನ ಹತ್ತಿರ ಒಂದು ವಿಡಿಯೊ ಮಾಡಿಸಿ ತನ್ನಿ ಅಂದೆ.

ಅದರಲ್ಲಿ ಎಲ್ಲವೂ ಇತ್ತು. ತಗ್ಗು ಮಣೆಯ ಮೇಲೆ ಕೂತಿದ್ದಾರೆ. ಮುಂದೆ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ. ಅಡಿಕೆ ರಾಶಿ ಎಡಕ್ಕೆ, ಸ್ವಲ್ಪ ಹಿಂದೆ. ಪ್ರತಿ ಕಾಯಿಗೂ ಎಡಗೈ ಹಿಂದೆ ಚಾಚಬೇಕು. ಬಲ್ಬು ಬೆನ್ನ ಹಿಂದೆ, ಹಾಗಾಗಿ ಕತ್ತಿಯ ಮೇಲೆ ಅವರದೇ ನೆರಳು. ಕಾಣಲಿ ಅಂತ ಇನ್ನಷ್ಟು ಬಗ್ಗುತ್ತಾರೆ. ತಲೆ ಸುಮಾರು 5 ಕೆಜಿ ಭಾರ. ಬಗ್ಗಿದಷ್ಟೂ ಅದನ್ನು ಹಿಡಿದಿಡುವ ಕೆಲಸ ಕುತ್ತಿಗೆಯ ಹಿಂದಿನ ಸ್ನಾಯುಗಳಿಗೆ. ಗಂಟೆಗಟ್ಟಲೆ ಬಿಡುವಿಲ್ಲದೆ ಬಿಗಿದಿದ್ದರೆ ನೋಯದೆ ಇರುತ್ತದಾ?

ಮಣೆಯ ಕೆಳಗೆ ಎರಡು ಇಟ್ಟಿಗೆ ಇಡಿಸಿದೆ. ರಾಶಿಯಿಂದ ಬುಟ್ಟಿಗೆ ತುಂಬಿ, ಬುಟ್ಟಿಯನ್ನು ಮುಂದೆ ಎತ್ತರದಲ್ಲಿ ಇಟ್ಟುಕೊಳ್ಳಲು ಹೇಳಿದೆ. ಬಲ್ಬು ಮುಂದಕ್ಕೆ ಬಂತು. ಅರ್ಧ ಗಂಟೆಗೊಮ್ಮೆ ಏಳಿ ಅಂದರೆ ಯಾರೂ ಏಳುವುದಿಲ್ಲ, ಸುಲಿದ ಅಡಿಕೆ ಎಷ್ಟು ಡಬ್ಬ ಆಯಿತೋ ಅಷ್ಟೇ ಕೂಲಿ ಅಲ್ವಾ? ಅದಕ್ಕೆ ಡಬ್ಬ ತುಂಬಿದಾಗೆಲ್ಲ ಎದ್ದು ನಿಲ್ಲಿ ಅಂದೆ. ಗದ್ದ ಒಳಗೆ ಎಳೆದು ಐದು ಎಣಿಸುವುದು, ಹೆಗಲಿನ ಎರಡೂ ರೆಕ್ಕೆ ಹಿಂದಕ್ಕೆ ಕೂಡಿಸುವುದು, ತಲಾ ಹತ್ತು ಸಲ. ಇದನ್ನು ಮಾತ್ರ ತಪ್ಪದೆ ಮಾಡಿದರು.

ಮೂರು ವಾರಕ್ಕೆ ರಾತ್ರಿ ನಿದ್ದೆ ಬರುವಷ್ಟು ಕಮ್ಮಿಯಾಯಿತು. ಸುಗ್ಗಿ ಮುಗಿಯುವ ತನಕ ಪೂರ್ತಿ ಹೋಗಲಿಕ್ಕಿಲ್ಲ ಅಂತ ಮೊದಲೇ ಹೇಳಿದ್ದೆ. ಹೋಗಲೂ ಇಲ್ಲ.

ಆ ಹಾಳೆ ಈಗಲೂ ಡ್ರಾವರ್‌ನಲ್ಲಿದೆ. ಬ್ಯಾಂಕಿನವರು ಬಂದರೆ ಕೊಡುತ್ತೇನೆ. ಅದೂ ಅವರ ಟೇಬಲ್ಲಿನ ಫೋಟೊ ನೋಡಿದ ಮೇಲೆ.