ವಾಲೋ ಮನಿ

ಭೀಮಾ ನದಿ ಬಿಟ್ರ ದೊಡ್ಡ ನೀರು ನೋಡದ ಕಲಬುರಗಿ ಮನಷ್ಯಾ ನಾನು, ಆದ್ರ ಮೂರು ವರ್ಷದಿಂದ ರಾತ್ರಿ ಊಟ ಆದಮ್ಯಾಲ ಮೊಬೈಲ್‌ನಾಗ ಹಾಯಿದೋಣಿ ವಿಡಿಯೋ ನೋಡದೆ ನಿದ್ದಿ ಬರಂಗಿಲ್ಲ. ನಳ ಯಾವತ್ತು ಬರ್ತದಂತ ಕಾಯೋ ಊರಾಗ ಕುಂತು ಇವರಿಗಿ ಸಮುದ್ರದ ಚಿಂತಿ ಅಂತಾಳ ನಮ್ಮಕಿ.

ರೇಸ್ ದೋಣಿ ಅಲ್ಲ ಮತ್ತ. ಗಂಡ ಹೆಂಡ್ತಿ ಅಡಗಿ ಮಾಡ್ಕೊಂಡು ತಿಂಗಳಗಟ್ಟಲೆ ಊರೂರು ತಿರಗತಾರಲ್ಲ, ಆ ಕ್ರೂಸಿಂಗ್ ದೋಣಿ. ನನಗ ಜೀವ ಹತ್ತಿದ್ದು ಕಾಂಟೆಸ್ಸಾ 32 ಅನ್ನೋ ಮಾಡೆಲ್ ದೋಣಿ. 1971ರಾಗ ಇಂಗ್ಲೆಂಡಿನಾಗ ಬಂದಿದ್ದು, ಫೈಬರ್ ಬಾಡಿ, 32 ಫೂಟ್ ಉದ್ದ, ಅಗಲ ಬರೇ ಒಂಬತ್ತೂವರಿ ಫೂಟ್. ಒಟ್ಟು ತೂಕ ಸುಮಾರು 4300 ಕೆಜಿ, ಅದರಾಗ 2000 ಕೆಜಿ ಭಾರ ಕೀಲ್‌ನಾಗೇ, ಅಂದ್ರ ದೋಣಿ ತಳದಿಂದ ನೀರಾಗ ಇಳಿದಿರೋ ಭಾರದ ರೆಕ್ಕಿನಾಗ. ಬುಡ ಭಾರ ಇರೋ ಗೊಂಬಿ ಎಷ್ಟು ದಬ್ಬಿದ್ರೂ ಎದ್ದು ಕೂಡ್ತದಲ್ಲ, ಅದೇ ಲೆಕ್ಕ, ಗಾಳಿ ಎಷ್ಟು ವಾಲಸ್ತದೋ ಕೀಲ್ ಅಷ್ಟು ಎಳದು ನಿಲ್ಲಸ್ತದ. 1979ರಾಗ ಇಂಗ್ಲೆಂಡಿನಿಂದ ಹೊರಡೋ ಫಾಸ್ಟ್‌ನೆಟ್ ಅನ್ನೋ ಹಾಯಿದೋಣಿ ರೇಸಿನಾಗ ಬಿರುಗಾಳಿ ಬಡದು 15 ಮಂದಿ ಸ್ಪರ್ಧಿಗಳು ಸತ್ತರು, ಎಲ್ಲಕ್ಕಿಂತ ಸಣ್ಣ ದೋಣಿಗಳ ಕ್ಲಾಸಿನಾಗ ಕಡೀತನಕ ಮುಟ್ಟಿದ್ದು ಒಂದೇ, ಅಸೆಂಟ್ ಅಂತ ಹೆಸರು, ಅದು ಕಾಂಟೆಸ್ಸಾ 32.

ಸ್ಪೀಡ್ ಮಾತ್ರ ಕೇಳಬ್ಯಾಡ್ರಿ. ನೀರಿಗಿ ತಾಗೋ ಉದ್ದ 24 ಫೂಟ್ ಇದ್ರ ತಾಸಿಗಿ 12 ಕಿಲೋಮೀಟರ್ ಆದ್ರ ಭಾಳ ಆತು, ನಮ್ಮ ಓಣಿ ಸೈಕಲ್ ಹುಡುಗರು ಇದಕ್ಕಿಂತ ಜೋರ್ ಹೋಗ್ತಾರ.

ಈಗಿನ ದೋಣಿಗೋಳು ಹಿಂದ ಅಗಲ, ಎರಡೆರಡು ಸ್ಟೇರಿಂಗ್, ಒಳಗ ಫ್ಲ್ಯಾಟ್ ಇದ್ದಂಗ. ಜಾಗ ಖರೇನೇ ಭಾಳ ಅದ. ಆದ್ರ ಅಷ್ಟು ಅಗಲ ನಡು ಜಾಗದಾಗ, ದೋಣಿ ವಾಲಿದಾಗ ಏನ್ ಹಿಡ್ಕೊಬೇಕು? ಇಕ್ಕಟ್ಟಿನ ದೋಣ್ಯಾಗ ಯಾವ ಕಡಿ ಬಿದ್ರೂ ಏನರ ಕೈಗಿ ಸಿಗತದ.

ನಾ ಹುಚ್ಚ ಆಗಿದ್ದು ಒಳಗಿನ ಅಡಗಿಮನಿ ನೋಡಿ. ಒಲಿ ಎರಡೂ ಬದಿಗಿ ಮೊಳಿ ಮ್ಯಾಲ ತೊಟ್ಟಿಲದಂಗ ತೂಗತದ, ಮನಿ ಪೂರಾ ಓರಿ ಆದ್ರೂ ಚಹಾದ ಡಬರಿ ಮಾತ್ರ ಸೀದಾ ಕುಂತಿರ್ತದ, ಬರ್ನರ್ ಸುತ್ತ ಸ್ಟೀಲಿನ ಕಟ್ಟು, ಪಾತ್ರಿ ಜಾರಬಾರದಂತ. ಟೇಬಲ್ಲಿಗೂ ಅಂಚಿನ ಪಟ್ಟಿ. ಮಲಗೋ ಹಾಸಿಗಿ ಪಕ್ಕ ಒಂದು ಗಟ್ಟಿ ಬಟ್ಟಿ ಮ್ಯಾಲ ಕಟ್ತಾರ, ಕೂಸಿನ ಜೋಳಗಿ ನೋಡ್ರಿ ಥೇಟ್, ನಿದ್ದಿಗಣ್ಣಾಗ ಉರಳಿ ಬೀಳಬಾರದು.

ಆಮ್ಯಾಲ ನೀರು. ಎಷ್ಟೋ ಮಂದಿ ನಳಕ್ಕ ಮೋಟಾರೇ ಇಡಂಗಿಲ್ಲ, ಕಾಲಿಲೆ ಒತ್ತೋ ಪಂಪ್ ಇಡ್ತಾರ. ಒಮ್ಮಿ ಒತ್ತಿದ್ರ ಒಂದು ಗುಟುಕು. ಎರಡೂ ಕೈ ಖಾಲಿ, ಕಾಲು ತೆಗದ್ರ ನೀರು ಬಂದ್. ಪಾತ್ರಿ ತೊಳೀಲಾಕ ಇನ್ನೊಂದು ಪಂಪಿನಾಗ ಸಮುದ್ರದ ಉಪ್ಪುನೀರು, ಟ್ಯಾಂಕಿನ ಸಿಹಿನೀರು ಕುಡಿಲಾಕ ಅಷ್ಟ.

ಇದನ್ನ ನಮ್ಮಕಿಗಿ ತೋರಸ್ದೆ. ದೋಣಿ ಬಗ್ಗೆ ಒಂದು ಮಾತೂ ಆಡಲಿಲ್ಲ, ವಿಡಿಯೋ ಹಿಂದಕ್ಕ ಸರಸಿ ಎರಡು ಸಲ ನೋಡಿ ಕೇಳಿದ್ಲು, "ಈ ಕಾಲಿನ ಪಂಪು ನಮ್ಮ ಬಚ್ಚಲದಾಗ ಕೂಡಸ್ಲಾಕ ಬರ್ತದೇನ್ರಿ?"